ಮಾತ್ರೆ ಬಂತು, ಆರೈಕೆ ಎಂದು ಬರುತ್ತದೆ?

ಕೋಲಾರದ, ಮಾಲೂರಿನ, ಮುಳಬಾಗಿಲಿನ, ಶ್ರೀನಿವಾಸಪುರದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ನಮ್ಮ ಸೀಮೆಯ ಯಾವ ಹಳ್ಳಿಗಾದರೂ ಹೋಗಿ. ಹುಟ್ಟಿನಿಂದ ಬುದ್ಧಿ ಬೆಳೆಯದ ಮಗನೋ, ಕೈಕಾಲು ಸ್ವಾಧೀನವಿಲ್ಲದ ಮಗಳೋ ಇರುವ ಮನೆಯ ಜಗಲಿಯ ಮೇಲೆ ಕೂತು ಆ ತಾಯಿಯ ಮಾತು ಕೇಳಿ. ಮೊದಲು ಪಿಂಚಣಿಯ ದೂರು ಬರಬಹುದು, ಆಮೇಲೆ ಔಷಧಿ ಸಿಗದ ದೂರು ಬರಬಹುದು. ಕೊನೆಗೆ ಬರುವ ಮಾತು ಎಲ್ಲ ಮನೆಗಳಲ್ಲೂ ಒಂದೇ: "ನಾನಿರೋ ಗಂಟ ಸರಿ ಸಾಮಿ, ನಾನು ಹೋದ ಮೇಲೆ ಇವನ್ನ ಯಾರು ನೋಡ್ಕೊಂತಾರೆ?"

ಆ ತಾಯಿಗೆ ಎಪ್ಪತ್ತು, ಮಗನಿಗೆ ನಲವತ್ತೈದು ಇರಬಹುದು. ಸರ್ಕಾರದ ಕಡತದಲ್ಲಿ ಅವಳು ಹಿರಿಯ ನಾಗರಿಕಳು, ಅವನು ವಿಕಲಚೇತನ. ಇಬ್ಬರ ಹೆಸರಿಗೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಪಿಂಚಣಿ. ಮನೆಯಲ್ಲಿ ಮಾತ್ರ ಇರುವುದು ಒಂದೇ ಸಂಕಟ. ತನ್ನ ಮೊಣಕಾಲೇ ಮಡಚಲು ಬಾರದ ಮುದುಕಿ ಎದೆಯೆತ್ತರ ಬೆಳೆದ ಮಗನಿಗೆ ಸ್ನಾನ ಮಾಡಿಸಬೇಕು, ಉಣ್ಣಿಸಬೇಕು, ರಾತ್ರಿ ಅವನಿಗೆ ಫಿಟ್ಸ್ ಬಂದರೆ ಎದ್ದು ಹಿಡಿದುಕೊಳ್ಳಬೇಕು. ಅವಳ ಆ ಪ್ರಶ್ನೆಗೆ ಈ ಜಿಲ್ಲೆಯಲ್ಲಿ ಇವತ್ತಿಗೂ ಉತ್ತರವಿಲ್ಲ. ಉತ್ತರ ಕೊಡಬೇಕಾದವರು ನಾವು. ಅದಕ್ಕಾಗಿಯೇ ಈ ಕರೆ.

ಆರೈಕೆ ಎನ್ನುವುದು ಎಷ್ಟು ದೊಡ್ಡ ಕೆಲಸ ಎಂಬುದನ್ನು ಮೊದಲು ನೆಟ್ಟಗೆ ನೋಡೋಣ. ಲಕ್ವ ಹೊಡೆದು ಹಾಸಿಗೆ ಹಿಡಿದ ಒಬ್ಬ ತಾತನಿದ್ದಾನೆ ಎಂದುಕೊಳ್ಳಿ. ಎರಡು ಗಂಟೆಗೊಮ್ಮೆ ಅವನ ಮಗ್ಗುಲು ಬದಲಿಸಬೇಕು, ಹಗಲೂ ರಾತ್ರಿಯೂ. ತಪ್ಪಿದರೆ ಸೊಂಟದ ಕೆಳಗೆ, ಹಿಮ್ಮಡಿಯ ಮೇಲೆ ಚರ್ಮ ಮೊದಲು ಕೆಂಪಾಗುತ್ತದೆ, ಆಮೇಲೆ ಕಪ್ಪಾಗುತ್ತದೆ, ಕೊನೆಗೆ ಎಲುಬು ಕಾಣುವಷ್ಟು ಆಳದ ಹುಣ್ಣಾಗುತ್ತದೆ. ರಾಗಿ ಗಂಜಿಯನ್ನು ತಲೆದಿಂಬು ಕೊಟ್ಟು, ಎತ್ತಿ ಕೂರಿಸಿ, ಚಮಚದಲ್ಲಿ ನಿಧಾನವಾಗಿ ಕುಡಿಸಬೇಕು. ಮಲಗಿದಲ್ಲೇ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿ ಜೀವಕ್ಕೇ ಕುತ್ತು ತರುತ್ತದೆ. ಮೂತ್ರದ ಪೈಪು ಹಾಕಿದ್ದರೆ ಅದರ ಚೀಲ ತುಂಬುವ ಮೊದಲು ಖಾಲಿ ಮಾಡಬೇಕು, ಪೈಪನ್ನು ಸಮಯಕ್ಕೆ ಸರಿಯಾಗಿ ಬದಲಿಸಬೇಕು. ಮಲ ಬಳಿಯಬೇಕು, ಬಟ್ಟೆ ಒಗೆಯಬೇಕು, ಬಿಗಿದುಕೊಂಡ ಕೈಬೆರಳುಗಳನ್ನು ದಿನವೂ ಬಿಡಿಸಿ ಆಡಿಸಬೇಕು. ಈ ಕೆಲಸಕ್ಕೆ ಆಸ್ಪತ್ರೆಯಲ್ಲಿ ಮೂರು ಪಾಳಿಯ ನರ್ಸುಗಳೂ ಆಯಾಗಳೂ ಇರುತ್ತಾರೆ. ಮನೆಯಲ್ಲಿ ಇರುವುದು ಒಬ್ಬಳೇ ಒಬ್ಬ ಸೊಸೆ, ಇಲ್ಲವೇ ಹೆಂಡತಿ, ಇಲ್ಲವೇ ಮದುವೆಯಾಗದೆ ಉಳಿದ ಮಗಳು. ಅವಳಿಗೆ ಇದನ್ನು ಯಾರೂ ಕಲಿಸಿಲ್ಲ. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ "ಚೆನ್ನಾಗಿ ನೋಡಿಕೊಳ್ಳಿ" ಎಂದು ಹೇಳಿ ಚೀಟಿ ಕೊಟ್ಟಿರುತ್ತಾರೆ, ಅಷ್ಟೇ.

ಇಂಥ ಮನೆಗಳು ಎಲ್ಲೋ ಅಲ್ಲೊಂದು ಇಲ್ಲೊಂದು ಎಂದುಕೊಳ್ಳಬೇಡಿ. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನಸಂಖ್ಯೆ 15.36 ಲಕ್ಷ. ರಾಜ್ಯದಲ್ಲಿ 60 ದಾಟಿದವರ ಪಾಲು ಆಗಲೇ ಶೇ. 9.5ರಷ್ಟಿತ್ತು. ಆ ಸರಾಸರಿಯನ್ನೇ ಹಿಡಿದರೂ ನಮ್ಮ ಜಿಲ್ಲೆಯಲ್ಲಿ ಒಂದೂವರೆ ಲಕ್ಷಕ್ಕೆ ಹತ್ತಿರದಷ್ಟು ಹಿರಿಯರು. ಅದೇ ಗಣತಿಯಲ್ಲಿ ರಾಜ್ಯದ ವಿಕಲಚೇತನರ ಸಂಖ್ಯೆ 13.24 ಲಕ್ಷ. 2036ರ ಹೊತ್ತಿಗೆ ದೇಶದಲ್ಲಿ ಸುಮಾರು ಏಳು ಜನರಲ್ಲಿ ಒಬ್ಬರು 60 ದಾಟಿರುತ್ತಾರೆ ಎಂದು ಸರ್ಕಾರದ ತಜ್ಞರೇ ಅಂದಾಜು ಮಾಡಿದ್ದಾರೆ. ಅದರ ಜೊತೆಗೆ ನಮ್ಮ ನೀರಿನ ಕಥೆಯನ್ನೂ ಸೇರಿಸಿಕೊಳ್ಳಿ. ಕೆರೆಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದ ಮೇಲೆ ಫ್ಲೋರೈಡ್ ತುಂಬಿದ ನೀರು ಕುಡಿದ ತಲೆಮಾರು ಇದು. ವರ್ಷಗಟ್ಟಲೆ ಅಂಥ ನೀರು ಕುಡಿದವರ ಮಂಡಿ ಬಿಗಿಯುತ್ತದೆ, ಬೆನ್ನು ಬಾಗುತ್ತದೆ, ಮೂಳೆ ಪೆಡಸಾಗುತ್ತದೆ. ಮುಪ್ಪೂ ಅಂಗವೈಕಲ್ಯವೂ ಬೇರೆ ಬೇರೆಯಾಗಿ ಉಳಿಯದ ಸೀಮೆ ನಮ್ಮದು.

ಈಗ ಒಂದು ಮಾತನ್ನು ಗಮನವಿಟ್ಟು ಕೇಳಿ. ಹಿರಿಯರ ವಿಷಯದಲ್ಲಿ ಈ ಜಿಲ್ಲೆಯಲ್ಲಿ ಒಂದಲ್ಲ, ಮೂರು ಆರಂಭಗಳಾಗಿವೆ.

2010-11ರಲ್ಲಿ ಕೇಂದ್ರ ಸರ್ಕಾರ ಹಿರಿಯರ ಆರೋಗ್ಯಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಶುರುಮಾಡಿತು. ಮೊದಲ ಹಂತಕ್ಕೆ ಆರಿಸಿದ 100 ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರಿಗೆ 10 ಹಾಸಿಗೆಯ ವಾರ್ಡ್, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್ ಎಂದು ಅದರ ಕಾರ್ಯಸೂಚಿಯಲ್ಲಿದೆ. ಹಾಸಿಗೆ ಹಿಡಿದವರ ಮನೆಗೇ ಹೋಗಿ ನೋಡಬೇಕು, ಅವರನ್ನು ನೋಡಿಕೊಳ್ಳುವ ಮನೆಯವರಿಗೆ ತರಬೇತಿ ಕೊಡಬೇಕು ಎಂದೂ ಅದರಲ್ಲೇ ಬರೆದಿದೆ.

2018ರಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ದೊಡ್ಡದೊಂದು ವೈಜ್ಞಾನಿಕ ಅಧ್ಯಯನ ಶುರುವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿರುವ ಇದರ ಹೆಸರು 'ಸ್ಯಾನ್ಸ್‌ಕಾಗ್'. 45 ದಾಟಿದ ಹಳ್ಳಿಗರಲ್ಲಿ ಮಿದುಳು ಹೇಗೆ ವಯಸ್ಸಾಗುತ್ತದೆ, ಮರೆವಿನ ಕಾಯಿಲೆ ಯಾರಿಗೆ ಬರುತ್ತದೆ, ಯಾಕೆ ಬರುತ್ತದೆ ಎಂದು 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಅದರದು. ಮಾವಿನ ತೋಪಿನಲ್ಲಿ ದುಡಿದ ನಮ್ಮ ರೈತರು, ಕೂಲಿಕಾರರು ತಮ್ಮ ದೇಹದ ಮಾಹಿತಿಯನ್ನು ಲೋಕದ ವಿಜ್ಞಾನಕ್ಕೆ ಕೊಟ್ಟಿದ್ದಾರೆ. ಇದು ನಾವು ಹೆಮ್ಮೆಪಡಬೇಕಾದ ಸಂಗತಿ.

2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 'ಗೃಹ ಆರೋಗ್ಯ' ಯೋಜನೆಯನ್ನು ಪ್ರಾಯೋಗಿಕವಾಗಿ ಕೋಲಾರ ಜಿಲ್ಲೆಯಲ್ಲೇ ಆರಂಭಿಸಿತು. ಆರೋಗ್ಯ ಸಿಬ್ಬಂದಿ ಮನೆಮನೆಗೆ ಹೋಗಿ ಬಿಪಿ, ಸಕ್ಕರೆ, ಕ್ಯಾನ್ಸರ್ ತಪಾಸಣೆ ಮಾಡುವುದು, ಬೇಕಾದವರಿಗೆ ಮಾತ್ರೆ ಕೊಡುವುದು ಅದರ ಉದ್ದೇಶ. ಮರುವರ್ಷದ ಬಜೆಟ್‌ನಲ್ಲಿ ಅದನ್ನು ಇಡೀ ರಾಜ್ಯಕ್ಕೆ ವಿಸ್ತರಿಸಲಾಯಿತು.

ಮೂರೂ ಒಳ್ಳೆಯ ಕೆಲಸಗಳೇ. ಆದರೆ ಮೂರರ ಕೊನೆಯಲ್ಲೂ ಒಂದೇ ಪ್ರಶ್ನೆ ಉಳಿಯುತ್ತದೆ. ಕಾಯಿಲೆ ಯಾವುದೆಂದು ಗೊತ್ತಾಯಿತು, ಮಾತ್ರೆ ಕೈಗೆ ಬಂತು. ಆ ಮಾತ್ರೆಯನ್ನು ಹೊತ್ತುಹೊತ್ತಿಗೆ ನುಂಗಿಸುವವರು ಯಾರು? ಮರೆವಿನ ಕಾಯಿಲೆ ಇದೆ ಎಂದು ತಿಳಿದ ಅಜ್ಜಿ ಮಧ್ಯಾಹ್ನ ಎದ್ದು ಹೆದ್ದಾರಿಯ ಕಡೆ ನಡೆದರೆ ಹಿಂದೆ ಓಡುವವರು ಯಾರು? ಅಧ್ಯಯನ ವಿಜ್ಞಾನಿಗಳ ಕೆಲಸ, ಅವರು ಮಾಡುತ್ತಿದ್ದಾರೆ. ತಪಾಸಣೆ ಆರೋಗ್ಯ ಇಲಾಖೆಯ ಕೆಲಸ, ಅದೂ ಶುರುವಾಗಿದೆ. ದಿನದ ಇಪ್ಪತ್ನಾಲ್ಕು ಗಂಟೆಯ ಆರೈಕೆ ಯಾರ ಕೆಲಸ ಎಂದು ಮಾತ್ರ ಈ ಜಿಲ್ಲೆ ಇನ್ನೂ ತೀರ್ಮಾನ ಮಾಡಿಲ್ಲ. ತೀರ್ಮಾನವಾಗದ ಕೆಲಸವೆಲ್ಲ ಮನೆಯೊಳಗಿನ ಒಬ್ಬ ಹೆಣ್ಣಿನ ಹೆಗಲಿಗೆ ಬೀಳುತ್ತದೆ.

ಆ ಹೆಗಲೂ ಈಗ ಮನೆಯಲ್ಲಿ ಉಳಿದಿಲ್ಲ. ಬೆಳಗಿನ ಜಾವ ಮಾಲೂರು ಸ್ಟೇಷನ್ನಿನಲ್ಲಿ ನಿಂತು ನೋಡಿ, ಬೆಂಗಳೂರಿನ ರೈಲಿಗೆ ಎಷ್ಟು ಜನ ಹತ್ತುತ್ತಾರೆ ಎಂದು. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳ ಬಸ್ಸುಗಳು ನಸುಕಿನಲ್ಲೇ ಹಳ್ಳಿಹಳ್ಳಿಗೆ ಬಂದು ನಮ್ಮ ಹೆಣ್ಣುಮಕ್ಕಳನ್ನು ಪಾಳಿಗೆ ಕರೆದೊಯ್ಯುತ್ತವೆ. ಆ ಸಂಬಳದಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ. ಅವರು ದುಡಿಯಲಿ, ದುಡಿಯಲೇಬೇಕು. ಟೊಮೆಟೊ ಬೆಲೆ ಬಿದ್ದ ವರ್ಷ, ಮಾವಿಗೆ ಬೆಲೆಯೇ ಸಿಗದ ವರ್ಷ ಮನೆ ನಡೆಸುವುದು ಆ ಸಂಬಳವೇ. ಆದರೆ ಹಗಲು ಹೊತ್ತು ಮನೆಯಲ್ಲಿ ಉಳಿಯುವವರು ಯಾರು? ಹಾಸಿಗೆ ಹಿಡಿದ ತಾತ, ಅವನ ಪಕ್ಕದಲ್ಲಿ ಒಂದು ಚೊಂಬು ನೀರು, ಹೊರಗಿನಿಂದ ಎಳೆದುಕೊಂಡ ಬಾಗಿಲು. ಸಂಜೆ ಸೊಸೆ ಬರುವವರೆಗೆ ಅವನು ಅದೇ ಮಗ್ಗುಲಲ್ಲಿ, ಅದೇ ಒದ್ದೆಯಲ್ಲಿ. ಇದನ್ನು ಸೊಸೆಯ ಕ್ರೌರ್ಯ ಎನ್ನಬೇಡಿ. ಅವಳ ಮುಂದೆ ಎರಡೇ ದಾರಿ ಇಟ್ಟವರು ನಾವು: ಕೆಲಸ ಬಿಟ್ಟು ಮನೆಯಲ್ಲಿ ಕೂರು, ಇಲ್ಲವೇ ಬಾಗಿಲು ಎಳೆದುಕೊಂಡು ಹೋಗು.

"ಹೆತ್ತವರನ್ನು ನೋಡಿಕೊಳ್ಳುವುದು ಮಕ್ಕಳ ಧರ್ಮ. ಇದರಲ್ಲಿ ಸರ್ಕಾರಕ್ಕೇನು ಕೆಲಸ, ಪಂಚಾಯಿತಿಗೇನು ಕೆಲಸ?" ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ ಇದು. ಮಗುವಿಗೆ ಅನ್ನ ಹಾಕುವುದು ತಾಯಿಯ ಧರ್ಮವೇ. ಹಾಗಿದ್ದೂ 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದ ಟಿ. ನರಸೀಪುರದಲ್ಲಿ ಅಂಗನವಾಡಿ ಯೋಜನೆ ಶುರುವಾಯಿತು. ಇವತ್ತು ಅಂಗನವಾಡಿ ಇಲ್ಲದ ಊರಿಲ್ಲ. ಅದರಿಂದ ತಾಯ್ತನ ಕೆಟ್ಟಿತೇ? ತಾಯಂದಿರಿಗೆ ಉಸಿರಾಡಲು ಬಿಡುವು ಸಿಕ್ಕಿತು, ಮಗುವಿಗೆ ಮೊಟ್ಟೆ, ಹಾಲು, ಲಸಿಕೆ ಸಿಕ್ಕಿತು. ಬಾಳಿನ ಆರಂಭಕ್ಕೆ ನಾವು ಮಾಡಿದ್ದನ್ನು ಬಾಳಿನ ಕೊನೆಗೂ ಮಾಡಬೇಕು. ಧರ್ಮವನ್ನು ಒಬ್ಬಳ ತಲೆಯ ಮೇಲೆ ಹೊರಿಸಿ ಮಿಕ್ಕವರು ಕೈತೊಳೆದುಕೊಳ್ಳುವುದು ಯಾವ ಧರ್ಮವೂ ಅಲ್ಲ.

ಇನ್ನು ದುಡ್ಡಿನ ಮಾತು. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಶೇ. 75ಕ್ಕಿಂತ ಹೆಚ್ಚು ಅಂಗವೈಕಲ್ಯ ಇದ್ದವರಿಗೆ 1,400, ಅಷ್ಟೇ ಪ್ರಮಾಣದ ಬುದ್ಧಿಮಾಂದ್ಯತೆ ಇದ್ದವರಿಗೆ 2,000. ವೃದ್ಧಾಪ್ಯ ಪಿಂಚಣಿಯಲ್ಲಿ 80 ದಾಟದವರಿಗೆ ಕೇಂದ್ರ ಸರ್ಕಾರ ಕೊಡುವ ಪಾಲು ಹದಿನೈದು ವರ್ಷಕ್ಕೂ ಮೀರಿ 200 ರೂಪಾಯಿಯಲ್ಲೇ ನಿಂತಿದೆ. ಹಾಸಿಗೆ ಹಿಡಿದವರಿಗೆ ದಿನಕ್ಕೆ ಮೂರು ಡೈಪರ್ ಎಂದರೂ ತಿಂಗಳಿಗೆ ಎರಡೂವರೆ ಸಾವಿರ ದಾಟುತ್ತದೆ. ಬೆಂಗಳೂರಿನ ಏಜೆನ್ಸಿಯಿಂದ ಹೋಂ ನರ್ಸ್ ಕರೆಸಿದರೆ ಇಪ್ಪತ್ತು ಸಾವಿರಕ್ಕೆ ಕಡಿಮೆ ಇಲ್ಲ. ಆಸ್ಪತ್ರೆಗೆ ಸೇರಿದರೆ ಆಯುಷ್ಮಾನ್ ಕಾರ್ಡ್ ಕೆಲಸಕ್ಕೆ ಬರುತ್ತದೆ. ಮನೆಯಲ್ಲಿ ಮಗ್ಗುಲು ತಿರುಗಿಸುವ ಕೈಗೆ ಯಾವ ಕಾರ್ಡೂ ಇಲ್ಲ. ಈ ಪುಡಿಗಾಸಿನ ಪಿಂಚಣಿಗೂ ಬೆರಳಚ್ಚು ಬೇಕು. ಎಪ್ಪತ್ತು ವರ್ಷ ಕಳೆ ಕಿತ್ತು, ಸೌದೆ ಒಡೆದು ಸವೆದ ಬೆರಳಿನ ಗೆರೆಯನ್ನು ಯಂತ್ರ ಗುರುತಿಸುವುದಿಲ್ಲ. ದುಡಿದದ್ದೇ ತಪ್ಪು ಎಂಬಂತೆ ಅಜ್ಜಿ ಕೈಯನ್ನು ಸೀರೆಯ ಸೆರಗಿಗೆ ಒರೆಸಿ ಒರೆಸಿ ಮತ್ತೆ ಒತ್ತುತ್ತಾಳೆ.

ಆರೈಕೆ ಮಾಡುವವರಿಗೂ ಒಂದಷ್ಟು ಭತ್ಯೆ ಕೊಡಬೇಕು ಎಂಬುದು ಹೊಸ ಮಾತಲ್ಲ. ಹೆಚ್ಚಿನ ನೆರವು ಬೇಕಾದ ವಿಕಲಚೇತನರಿಗೆ ಆರೈಕೆದಾರರ ಭತ್ಯೆ ಕೊಡಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಕಲಮೇ ಹೇಳುತ್ತದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್‌ನಂಥ ಕಾಯಿಲೆ ಇದ್ದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ನಮ್ಮ ರಾಜ್ಯದ ಬಜೆಟ್ಟೂ ಈಚೆಗೆ ಘೋಷಿಸಿತು. ಮೊತ್ತ ಸಣ್ಣದು, ಒಪ್ಪಿಕೊಂಡ ತತ್ವ ದೊಡ್ಡದು. ನೋಡಿಕೊಳ್ಳುವುದೂ ಒಂದು ದುಡಿಮೆ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಒಪ್ಪಿದ್ದನ್ನು ಕೊಡಿಸಿಕೊಳ್ಳುವುದು ಈಗ ನಮ್ಮ ಕೈಯಲ್ಲಿದೆ.

ಕಾನೂನಿಗೂ ಬರವಿಲ್ಲ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ 2007ರಲ್ಲೇ ಬಂದಿದೆ. ಅದರ 19ನೇ ಕಲಮು ದಿಕ್ಕಿಲ್ಲದ ಕನಿಷ್ಠ 150 ಹಿರಿಯರು ಇರಬಹುದಾದ ವೃದ್ಧಾಶ್ರಮವೊಂದು ಪ್ರತಿ ಜಿಲ್ಲೆಯಲ್ಲೂ ಇರಬೇಕೆಂಬ ಆಶಯ ಇಟ್ಟಿದೆ. ಮಕ್ಕಳು ನೋಡದಿದ್ದರೆ ಉಪವಿಭಾಗಾಧಿಕಾರಿಯ ಮುಂದೆ, ಅಂದರೆ ನಾವು ಎಸಿ ಕೋರ್ಟ್ ಎನ್ನುವ ಕಡೆ, ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಕೊಡಬಹುದು. ವಕೀಲರು ಬೇಕಿಲ್ಲ. ಅಪ್ಪ ಅಮ್ಮನಿಗೆ ಹೋಗಲು ಆಗದಿದ್ದರೆ ಅವರ ಪರವಾಗಿ ಸಂಘಸಂಸ್ಥೆಯೂ ಅರ್ಜಿ ಹಾಕಬಹುದು. ನೋಟಿಸು ಜಾರಿಯಾಗಿ 90 ದಿನದೊಳಗೆ ತೀರ್ಮಾನ ಆಗಬೇಕು. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ 23ನೇ ಕಲಮಿನಂತೆ ಆ ದಾನಪತ್ರವೇ ರದ್ದಾಗುತ್ತದೆ. ಬೀದಿಗೆ ಬಿಟ್ಟರೆ 24ನೇ ಕಲಮಿನಂತೆ ಮೂರು ತಿಂಗಳವರೆಗೆ ಜೈಲು ಇಲ್ಲವೇ ದಂಡ.

ಕಾಯ್ದೆ ಇದ್ದೂ ಏನಾಗುತ್ತಿದೆ? 2025ರಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಬಹಿರಂಗವಾಗಿ ಹೇಳಿದ ಸಂಗತಿ ಇದು: ಬೆಳಗಾವಿಯ ಬಿಮ್ಸ್ ಆಸ್ಪತ್ರೆಯೊಂದರಲ್ಲೇ 150ಕ್ಕೂ ಹೆಚ್ಚು ಹಿರಿಯರನ್ನು ಮಕ್ಕಳು ಬಿಟ್ಟು ಹೋಗಿದ್ದಾರೆ. ಚಿಕಿತ್ಸೆಗೆಂದು ಸೇರಿಸಿ, ತಿರುಗಿ ನೋಡಲಿಲ್ಲ. ಅಂಥ ಮಕ್ಕಳ ಹೆಸರಿಗೆ ಆದ ಆಸ್ತಿ ವರ್ಗಾವಣೆ ರದ್ದು ಮಾಡಿಸಬೇಕು ಎಂದು ಸಚಿವರು ಸೂಚನೆ ಕೊಟ್ಟರು. ಸೂಚನೆ ಸರಿಯೇ. ಆದರೆ ಜೈಲಿನ ಹೆದರಿಕೆ ಮಗನನ್ನು ಆಸ್ಪತ್ರೆಗೆ ಎಳೆದು ತಂದೀತು, ಅಪ್ಪನ ಬೆನ್ನಿನ ಹುಣ್ಣು ತೊಳೆಯುವುದನ್ನು ಕಲಿಸಲಾರದು. ಆಸೆಬುರುಕ ಮಕ್ಕಳಿಗೆ ಶಿಕ್ಷೆ ಬೇಕು. ಕೈಸೋತ ಮಕ್ಕಳಿಗೆ ನೆರವು ಬೇಕು. ನಮ್ಮಲ್ಲಿ ಎರಡನೆಯವರೇ ಹೆಚ್ಚು, ಅವರಿಗೆ ನಾವು ಏನನ್ನೂ ಕೊಟ್ಟಿಲ್ಲ.

ಇದು ಆಗದ ಹೋಗದ ಮಾತು ಎನ್ನುವವರು ಒಮ್ಮೆ ಕಾಸರಗೋಡಿನ ಕಡೆ ನೋಡಲಿ. ಅಲ್ಲಿನ ಕನ್ನಡ ಮನೆಗಳ ಬಾಗಿಲಿಗೂ ಪಂಚಾಯಿತಿಯ ಪ್ಯಾಲಿಯೇಟಿವ್ ನರ್ಸ್ ಬರುತ್ತಾರೆ. ಗಾಯ ತೊಳೆಯುತ್ತಾರೆ, ಪೈಪು ಬದಲಿಸುತ್ತಾರೆ, ಮನೆಯವರಿಗೆ ಹೇಳಿಕೊಡುತ್ತಾರೆ. 1993ರಲ್ಲಿ ಕೋಯಿಕ್ಕೋಡಿನ ಕೆಲವು ವೈದ್ಯರೂ ಸ್ವಯಂಸೇವಕರೂ ಸೇರಿ ಶುರುಮಾಡಿದ್ದು, ಮಲಪ್ಪುರಂನಲ್ಲಿ ಜನರ ಚಳವಳಿಯಾಗಿ ಹಬ್ಬಿ, 2008ರಲ್ಲಿ ಕೇರಳ ಸರ್ಕಾರದ ನೀತಿಯೇ ಆಯಿತು. ದೇಶದಲ್ಲಿ ಅದೇ ಮೊದಲು. ಅಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೂ 'ಆಶ್ವಾಸಕಿರಣಂ' ಹೆಸರಿನಲ್ಲಿ ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿದ್ದಾರೆ. ನಮ್ಮ ರಾಜ್ಯವೂ 2016ರಲ್ಲಿ ಇಂಥದೇ ನೀತಿ ತಂದಿದೆ. ಅದು ಹಳ್ಳಿಯ ಹೊಸ್ತಿಲು ದಾಟಬೇಕು.

ಕೇರಳ ದೂರ ಎನ್ನುತ್ತೀರಾ? ದಕ್ಷಿಣ ಕನ್ನಡದ ಕೊಕ್ಕಡ, ಕೊಯಿಲಕ್ಕೆ ಹೋಗಿ. ಎಂಡೋಸಲ್ಫಾನ್ ವಿಷಕ್ಕೆ ಸಿಕ್ಕಿ ನರಳಿದ ಮಕ್ಕಳಿಗೂ ದೊಡ್ಡವರಿಗೂ ಅಲ್ಲಿ ಹಗಲು ಪಾಲನಾ ಕೇಂದ್ರಗಳಿವೆ. ಬೆಳಿಗ್ಗೆ ಬಂದು ಸಂಜೆಗೆ ಮನೆಗೆ ಹೋಗುವ ವ್ಯವಸ್ಥೆ. ಊಟ, ವ್ಯಾಯಾಮ, ಚಟುವಟಿಕೆ. ಆ ಹೊತ್ತಿನಲ್ಲಿ ತಾಯಿ ಬೀಡಿ ಕಟ್ಟಬಹುದು, ತೋಟಕ್ಕೆ ಹೋಗಬಹುದು, ಒಂದಿಷ್ಟು ಕಣ್ಣು ಮುಚ್ಚಿ ಮಲಗಬಹುದು. ಅದನ್ನೂ ಯಾರೂ ಕೇಳದೆ ಕೊಡಲಿಲ್ಲ. ಅಲ್ಲಿನ ಜನ ವರ್ಷಗಟ್ಟಲೆ ಹೋರಾಡಿ ಪಡೆದರು. ದೂರದ ಜಪಾನು 2000ನೇ ಇಸವಿಯಲ್ಲೇ ದೀರ್ಘಕಾಲದ ಆರೈಕೆಗೆಂದು ಇಡೀ ದೇಶಕ್ಕೆ ಕಡ್ಡಾಯ ವಿಮೆ ತಂದಿತು. ನಾವು ಜಪಾನಿನಷ್ಟು ಶ್ರೀಮಂತರಲ್ಲ. ಕೊಕ್ಕಡದಷ್ಟು ಮಾಡಲು ಶ್ರೀಮಂತಿಕೆ ಬೇಕಿಲ್ಲ.

ಹಾಗಾದರೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಏನಾಗಬೇಕು? ಬಿಡಿಸಿ ಹೇಳುತ್ತೇನೆ.

ಮೊದಲನೆಯದು, ಪಟ್ಟಿ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಹಾಸಿಗೆ ಹಿಡಿದವರು ಯಾರು, ಒಬ್ಬರ ಆಸರೆಯಿಲ್ಲದೆ ದಿನ ಕಳೆಯಲಾಗದ ವಿಕಲಚೇತನರು ಯಾರು, ಅವರನ್ನು ನೋಡಿಕೊಳ್ಳುತ್ತಿರುವವರು ಯಾರು, ನೋಡಿಕೊಳ್ಳುವವರ ವಯಸ್ಸೆಷ್ಟು ಎಂಬ ಪಟ್ಟಿ ಬೇಕು. ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ನಾವು ವಿಆರ್‌ಡಬ್ಲ್ಯು ಎನ್ನುವವರು. ಅವರಲ್ಲಿ ಹೆಚ್ಚಿನವರು ತಾವೇ ವಿಕಲಚೇತನರು, ಅಲ್ಪ ಗೌರವಧನಕ್ಕೆ ಊರೂರು ತಿರುಗುವವರು. ಅವರೂ ಆಶಾ ಕಾರ್ಯಕರ್ತೆಯರೂ ಕೂತರೆ ಪಟ್ಟಿ ಬೇಗನೆ ಆಗುತ್ತದೆ. ಪಟ್ಟಿಯಲ್ಲಿ ಎಪ್ಪತ್ತು ದಾಟಿದ ತಾಯಿಯರು ನೋಡಿಕೊಳ್ಳುತ್ತಿರುವ ಮಕ್ಕಳ ಹೆಸರು ಎಲ್ಲಕ್ಕಿಂತ ಮೇಲಿರಲಿ.

ಎರಡನೆಯದು, ಪಂಚಾಯಿತಿಯ ಶೇ. 5ರ ಹಣ. ವಿಕಲಚೇತನರಿಗೆಂದು ಮೀಸಲಿಡಬೇಕಾದ ಈ ಹಣವನ್ನು ವರ್ಷದ ಕೊನೆಯಲ್ಲಿ ತಲೆಗಿಷ್ಟು ಎಂದು ಹಂಚಿ ಮುಗಿಸಬೇಡಿ. ವಾಟರ್ ಬೆಡ್, ಕಮೋಡ್ ಕುರ್ಚಿ, ಗಾಲಿಕುರ್ಚಿ, ವಾಕರ್ ಕೊಂಡು ಪಂಚಾಯಿತಿಯಲ್ಲೇ ಇಡಿ. ಬೇಕಾದ ಮನೆಗೆ ಹೋಗಲಿ, ಮುಗಿದ ಮೇಲೆ ಇನ್ನೊಂದು ಮನೆಗೆ ಹೋಗಲಿ.

ಮೂರನೆಯದು, ತರಬೇತಿ ಪಡೆದ, ಸಂಬಳದ ಆರೈಕೆ ಕಾರ್ಯಕರ್ತೆ. ಪಂಚಾಯಿತಿಗೆ ಒಬ್ಬರಾದರೂ ಬೇಕು. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜು ಇದೆ, ನರ್ಸಿಂಗ್ ಕಾಲೇಜುಗಳಿವೆ. ಕಲಿಸುವವರಿಗೆ ಕೊರತೆಯಿಲ್ಲ. ನಮ್ಮ ಹಳ್ಳಿಗಳಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಮುಗಿಸಿ ಮನೆಯಲ್ಲಿ ಕೂತ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಇದ್ದಾರೆ. ಹಿರಿಯರ ಆರೋಗ್ಯ ಕಾರ್ಯಕ್ರಮದಲ್ಲಿ ಬರೆದಿಟ್ಟ ಮನೆಭೇಟಿಯೂ ಮನೆಯವರ ತರಬೇತಿಯೂ ಇವರ ಮೂಲಕ ನಡೆಯಲಿ. 'ಗೃಹ ಆರೋಗ್ಯ'ದ ತಂಡ ಬಿಪಿ ನೋಡಿ ಹೊರಡುವ ಮೊದಲು ಬೆನ್ನನ್ನೂ ಒಮ್ಮೆ ತಿರುಗಿಸಿ ನೋಡಲಿ.

ನಾಲ್ಕನೆಯದು, ಹಗಲು ಪಾಲನಾ ಕೇಂದ್ರ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕೂ ಪಟ್ಟಣಗಳಲ್ಲಿ ಮೊದಲು ಒಂದೊಂದು, ಆಮೇಲೆ ಹೋಬಳಿಗೊಂದು. ಮಕ್ಕಳಿಲ್ಲದೆ ಮುಚ್ಚಿದ ಶಾಲಾ ಕಟ್ಟಡಗಳಿವೆ, ವರ್ಷದಲ್ಲಿ ನಾಲ್ಕು ದಿನ ಬಾಗಿಲು ತೆಗೆಯುವ ಸಮುದಾಯ ಭವನಗಳಿವೆ. ಒಂದು ವಾಹನ, ಒಂದು ಅಡುಗೆಮನೆ, ಗಾಲಿಕುರ್ಚಿ ಹೋಗುವಷ್ಟು ಅಗಲದ ಶೌಚಾಲಯ ಇದ್ದರೆ ಶುರುಮಾಡಬಹುದು.

ಐದನೆಯದು, "ನಾನು ಹೋದ ಮೇಲೆ" ಎಂಬ ಪ್ರಶ್ನೆಗೆ ನೇರ ಉತ್ತರ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಕಲತೆ ಇರುವವರಿಗಾಗಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದೆ. ಅದರಂತೆ 18 ದಾಟಿದ ಮಗನಿಗೋ ಮಗಳಿಗೋ ಕಾನೂನುಬದ್ಧ ಪೋಷಕರನ್ನು ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿ ನೇಮಿಸುತ್ತದೆ. ತಂದೆತಾಯಿ ಇರುವಾಗಲೇ ಆ ಅರ್ಜಿ ಹಾಕಿಸಿ. ನಿರಾಮಯ ವಿಮೆ ಮಾಡಿಸಿ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಾಗುತ್ತದೆ. ತಂದೆತಾಯಿ ಇಲ್ಲವಾದವರು ಬದುಕಿರುವವರೆಗೂ ಇರಬಹುದಾದ 'ಘರೌಂದಾ'ದಂಥ ಮನೆ ನಮ್ಮ ಜಿಲ್ಲೆಯಲ್ಲೇ ಬೇಕು. ಹುಟ್ಟಿದ ಮಣ್ಣು, ಆಡುವ ಕನ್ನಡ ತೆಲುಗು, ಉಣ್ಣುವ ಮುದ್ದೆ ಸಾರು ಬಿಟ್ಟು ಆ ಜೀವಗಳು ಗುರುತಿಲ್ಲದ ಊರಿಗೆ ಹೋಗಬಾರದು.

ಆರನೆಯದು, ಎಸಿ ಕೋರ್ಟ್ ಜನರ ಬಳಿಗೆ ಬರಲಿ. ಶ್ರೀನಿವಾಸಪುರದ ಗಡಿಹಳ್ಳಿಯಿಂದ ಕೋಲಾರಕ್ಕೆ ಎರಡು ಬಸ್ಸು ಹತ್ತಿ ಇಳಿಯುವ ಶಕ್ತಿ ಇರುವ ಅಜ್ಜಿಯಾಗಿದ್ದರೆ ಅವಳು ಮಗನ ಮೇಲೆ ಅರ್ಜಿ ಹಾಕುವ ಸ್ಥಿತಿಗೇ ಬರುತ್ತಿರಲಿಲ್ಲ. ಪ್ರತಿ ತಾಲ್ಲೂಕಿನಲ್ಲೂ ತಿಂಗಳಿಗೊಮ್ಮೆ ವಿಚಾರಣೆ ನಡೆಯಲಿ.

ಇವೆಲ್ಲ ಸರ್ಕಾರದಿಂದ, ಪಂಚಾಯಿತಿಯಿಂದ ಆಗಬೇಕಾದವು. ಆದರೆ ನಮ್ಮ ಮನೆಯೊಳಗಿನ ಕೆಲಸಕ್ಕೆ ಯಾವ ಆದೇಶವೂ ಬೇಕಿಲ್ಲ.

ಗಂಡುಮಕ್ಕಳೇ, ನಿಮಗೊಂದು ಮಾತು. ಹೆತ್ತವರು ನಿಮ್ಮವರು, ಬಳಿಯುವವಳು ನಿಮ್ಮ ಹೆಂಡತಿ. ಇದು ನ್ಯಾಯವೇ? ಅಪ್ಪನಿಗೆ ಸ್ನಾನ ಮಾಡಿಸಲು, ಅಮ್ಮನ ಬಟ್ಟೆ ಬದಲಿಸಲು ಕಲಿಯಿರಿ. ಭಾನುವಾರ ಒಂದು ದಿನವಾದರೂ ಆ ಹಾಸಿಗೆಯ ಜವಾಬ್ದಾರಿ ಪೂರ್ತಿ ನಿಮ್ಮದಾಗಲಿ. ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡ ಹಾಗೆ ಅಪ್ಪ ಒಂದು ಮನೆಗೆ, ಅಮ್ಮ ಒಂದು ಮನೆಗೆ ಎಂದು ಪಾಲು ಮಾಡಬೇಡಿ. ಐವತ್ತು ವರ್ಷ ಒಂದೇ ಸೂರಿನಡಿ ಬಾಳಿದವರನ್ನು ತಿಂಗಳ ಸರದಿಯ ಮೇಲೆ ಮೂಟೆಯಂತೆ ಸಾಗಿಸಬೇಡಿ. ಬೆಂಗಳೂರಿನಲ್ಲಿ, ಹೊರದೇಶದಲ್ಲಿ ಇರುವವರು ಕಳಿಸುವ ದುಡ್ಡು ಬೇಕು. ಅದರ ಜೊತೆಗೆ ಊರಿನಲ್ಲಿ ನೋಡಿಕೊಳ್ಳುತ್ತಿರುವ ತಂಗಿಗೋ ಅತ್ತಿಗೆಗೋ ವರ್ಷಕ್ಕೆ ಹದಿನೈದು ದಿನದ ಬಿಡುವು ಕೊಡಿ. ರಜೆ ಹಾಕಿ ಬಂದು ನೀವು ನೋಡಿಕೊಳ್ಳಿ, ಅವಳನ್ನು ತವರಿಗೆ ಕಳಿಸಿ.

ಜಾತ್ರೆ, ರಥೋತ್ಸವದ ಸಮಿತಿಯವರೇ, ಮಠ, ಮಸೀದಿ, ಚರ್ಚಿನವರೇ, ನಿಮ್ಮ ಅನ್ನದಾನ ದೊಡ್ಡದು. ಅಲ್ಲಿಗೆ ಬರಲಾಗದವರ ಮನೆಗೂ ಒಂದು ಕ್ಯಾರಿಯರ್ ಊಟ ಹೋಗಲಿ. ನರಸಾಪುರ, ವೇಮಗಲ್, ಮಾಲೂರಿನ ಕಂಪನಿಗಳವರೇ, ಈ ನೆಲ, ಈ ನೀರು, ಈ ಹೆಣ್ಣುಮಕ್ಕಳ ದುಡಿಮೆ ನಿಮಗೆ ಸಿಕ್ಕಿದೆ. ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾನೂನು ಇದೆ. ಆ ಹಣದಲ್ಲಿ ಹಗಲು ಪಾಲನಾ ಕೇಂದ್ರ ಕಟ್ಟಿಸಿ. ನಿಮ್ಮ ಪಾಳಿಯಲ್ಲಿ ದುಡಿಯುವ ಸೊಸೆಯ ಮಾವ ಅಲ್ಲಿ ನೆಮ್ಮದಿಯಾಗಿರಲಿ. ಕಾಲೇಜು ಹುಡುಗ ಹುಡುಗಿಯರೇ, ಎನ್‌ಎಸ್‌ಎಸ್ ಶಿಬಿರದಲ್ಲಿ ರಸ್ತೆ ಗುಡಿಸಿದ್ದೀರಿ, ಒಂದು ಶಿಬಿರ ಇಂಥ ಮನೆಗಳಿಗಾಗಿ ಮಾಡಿ.

ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿಯವರಿಗೆ 1983ರ ಜ್ಞಾನಪೀಠ ಬಂದಾಗ ಅವರಿಗೆ 90 ದಾಟಿತ್ತು. ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿ 88 ವರ್ಷ ಬಾಳಿದರು. ಇಂಥ ಹಿರಿಯರ ಹೆಸರು ಹೇಳಿ ನಾವು ಎದೆ ಉಬ್ಬಿಸುತ್ತೇವೆ, ವೃತ್ತಗಳಿಗೆ, ಭವನಗಳಿಗೆ ಅವರ ಹೆಸರಿಡುತ್ತೇವೆ. ಅದೇ ವಯಸ್ಸಿನ, ಹೆಸರಿಲ್ಲದ, ಹೊಲದಲ್ಲೂ ರೇಷ್ಮೆ ಮನೆಯಲ್ಲೂ ಬೆನ್ನು ಮುರಿದುಕೊಂಡ ನಮ್ಮ ತಾತ ಅಜ್ಜಿಯರಿಗೂ, ಒಂದು ದಿನವೂ ದುಡಿಯಲಾಗದೆ ಹುಟ್ಟಿದ ನಮ್ಮ ಅಣ್ಣ ಅಕ್ಕಂದಿರಿಗೂ ಮಾನದಿಂದ ಬಾಳುವ, ಮಾನದಿಂದ ಸಾಯುವ ಹಕ್ಕು ಅಷ್ಟೇ ಇದೆ.

ಈ ಜಿಲ್ಲೆಗೆ ಕೇಳುವುದು ಗೊತ್ತಿದೆ. ಶಾಶ್ವತ ನೀರಾವರಿಗಾಗಿ 2016ರ ಮಾರ್ಚಿನಲ್ಲಿ ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೆ ಹೋದ ಜನ ನಾವು. 2018ರಲ್ಲಿ ಕೆ.ಸಿ. ವ್ಯಾಲಿಯ ನೀರು ನಮ್ಮ ಕೆರೆಗೆ ಹರಿಯಿತು. ಅದರ ಗುಣಮಟ್ಟದ ಬಗ್ಗೆ ಇವತ್ತಿಗೂ ಜಗಳವಾಡುತ್ತಿದ್ದೇವೆ, ಆಡಬೇಕಾದದ್ದೇ. ನೀರಿಗಾಗಿ ಎತ್ತಿದ ದನಿಯನ್ನು ಹಾಸಿಗೆ ಹಿಡಿದವರಿಗಾಗಿಯೂ ಎತ್ತೋಣ. ಅವರು ಮೆರವಣಿಗೆಗೆ ಬರಲಾರರು, ರಸ್ತೆ ತಡೆ ಮಾಡಲಾರರು. ಅವರನ್ನು ನೋಡಿಕೊಳ್ಳುವವರಿಗೆ ಹಾಸಿಗೆ ಬಿಟ್ಟು ಏಳಲು ಬಿಡುವಿಲ್ಲ. ಅವರ ಪರವಾಗಿ ಎದ್ದು ನಿಲ್ಲಲು ಕಾಲಿರುವವರು ನಾವೇ.

ಆದ್ದರಿಂದ ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ವಿಕಲಚೇತನರ ವಿಶೇಷ ಗ್ರಾಮಸಭೆ ಕರೆಯದಿದ್ದರೆ ಕರೆಯಿರೆಂದು ಅರ್ಜಿ ಕೊಡಿ. ಪಿಡಿಒ ಮುಂದೆ, ಅಧ್ಯಕ್ಷರ ಮುಂದೆ ಎದ್ದು ನಿಂತು ಮೂರು ಪ್ರಶ್ನೆ ಕೇಳಿ. ನಮ್ಮ ಪಂಚಾಯಿತಿಯಲ್ಲಿ ಹಾಸಿಗೆ ಹಿಡಿದವರೂ ಆಸರೆ ಬೇಕಾದ ವಿಕಲಚೇತನರೂ ಎಷ್ಟು ಮಂದಿ? ಅವರನ್ನು ನೋಡಿಕೊಳ್ಳುತ್ತಿರುವವರು ಯಾರು? ಅವರಿಗಾಗಿ ಈ ವರ್ಷ ಪಂಚಾಯಿತಿ ಏನು ಮಾಡಿದೆ, ಮುಂದಿನ ವರ್ಷ ಏನು ಮಾಡುತ್ತದೆ? ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಉತ್ತರವಿಲ್ಲದ ಸಭೆಯಿಂದ ಎದ್ದು ಬರಬೇಡಿ.